ಕೊಯ್ಯುವ ಮುಂಚೆ ಒಂದು ಫೋನ್ ಮಾಡಿ

ಬೆಂಗಳೂರಿನ ಹೊರಗಿನ ಹಳ್ಳಿಯೊಂದರಿಂದ ಒಮ್ಮೆ ಬೆಳಿಗ್ಗೆಯೇ ಫೋನ್ ಬಂತು. "ಡಾಕ್ಟ್ರೇ, ರಾತ್ರಿ ಚೆನ್ನಾಗಿ ಮೇವು ತಿಂದಿತ್ತು. ಈಗ ನೋಡಿದ್ರೆ ಹಸು ಸತ್ತು ಬಿದ್ದಿದೆ. ಮೂಗಲ್ಲಿ ರಕ್ತ." ನಾನು ಕೇಳಿದ ಮೊದಲ ಮಾತು, "ಕೊಯ್ದಿಲ್ಲ ತಾನೆ?"

ದಿಢೀರ್ ಸಾವು, ಮೂಗು ಬಾಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ. ಇಷ್ಟು ಕಂಡರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಎಂದು ಅನುಮಾನಿಸಲೇಬೇಕು. ಕೊಯ್ಯದೆ ಬಿಟ್ಟರೆ ಒಳಗಿನ ರೋಗಾಣು ಕೊಳೆಯುವಾಗ ಹೆಚ್ಚಾಗಿ ಸಾಯುತ್ತದೆ. ಗಾಳಿ ತಾಗಿತೋ, ಗಟ್ಟಿ ಕವಚದ ಸ್ಪೋರ್ ಆಗಿಬಿಡುತ್ತದೆ. ಅದು ಮಣ್ಣಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಇಂದು ಚರ್ಮ ಸುಲಿದ ಜಾಗದಲ್ಲಿ ಮುಂದೆ ಮೊಮ್ಮಕ್ಕಳ ಕುರಿ ಮೇಯುತ್ತದೆ, ಅಲ್ವಾ?

ಪರೀಕ್ಷೆಗೆ ಹೊಟ್ಟೆ ಸೀಳಬೇಕಿಲ್ಲ. ಕೈಗವಸು ಹಾಕಿ ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿಗೆ ಸವರುತ್ತೇವೆ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿದರೆ, ಆಂಥ್ರಾಕ್ಸ್ ಇದ್ದಲ್ಲಿ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಹೊದಿಕೆ ಕಾಣುತ್ತದೆ. ಇದ್ದರೆ ಸುತ್ತಲಿನ ದನ, ಕುರಿಗಳಿಗೆ ಲಸಿಕೆ. ಆ ಲಸಿಕೆ ನಮ್ಮ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲೇ ತಯಾರಾಗುತ್ತದೆ.

ತೊಡಕು ಇರುವುದು ಸುದ್ದಿ ಮುಟ್ಟಿಸುವುದರಲ್ಲಿ. 2009ರ ಕೇಂದ್ರ ಕಾಯ್ದೆ ಪ್ರಕಾರ ಇಂಥ ಅನುಮಾನ ಬಂದರೆ ಜಾನುವಾರು ಮಾಲೀಕರು ತಿಳಿಸಲೇಬೇಕು. ಆದರೆ ಮಾಂಸ, ಚರ್ಮದ ನಾಲ್ಕು ಕಾಸೂ ಹೋಗುತ್ತಲ್ಲ ಎಂಬ ಸಂಕಟ ಅವರದು. ಅದು ಸಣ್ಣ ಸಂಕಟ ಅಲ್ಲ. ಪರಿಹಾರ ಬೇಗ ಕೈಗೆ ಸಿಗದೆ ಬರೀ ಕಾನೂನು ಹೇಳಿದರೆ ಯಾರೂ ಫೋನ್ ಮಾಡಲ್ಲ ಅನ್ನೋದು ನನ್ನ ಅನುಭವ. ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದು ಎಂದು ಮುನ್ಸೂಚನೆ ಕೊಡುತ್ತದೆ. ಹಳ್ಳಿಯ ಸಾವು ದಾಖಲೆಗೇ ಬರದಿದ್ದರೆ ಆ ಲೆಕ್ಕ ಹೇಗೆ ಸರಿಬರಬೇಕು?

ಸತ್ತ ಜಾನುವಾರು ಮುಟ್ಟಿದವರಿಗೂ ಈ ರೋಗ ತಗಲಬಹುದು. ಹಾಗಾಗಿ ನಗರದ ವೈದ್ಯರಿಗೂ ಒಂದು ಮನವಿ. ಕೈ ಮೇಲೆ ನೋವಿಲ್ಲದ ಹುಣ್ಣು, ನಡುವೆ ಕಪ್ಪು ಹಕ್ಕಳೆ ಕಂಡರೆ "ಏನು ಕೆಲಸ ಮಾಡ್ತೀರಿ? ಸತ್ತ ಕುರಿ, ದನ ಮುಟ್ಟಿದ್ರಾ?" ಎಂದು ಕೇಳಿ. ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಅನುಮಾನ ಬಂದ ಕೂಡಲೇ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ತಿಳಿಸಿ. ಆ ಕುರಿ ಯಾವ ಊರಿನದು ಎಂದು ಪಶುವೈದ್ಯರಾದ ನಮಗೂ ಒಂದು ಮಾತು ಹೇಳಿ.

ಅಂದಿನ ಹಸುವಿನ ರಕ್ತದಲ್ಲಿ ಆಂಥ್ರಾಕ್ಸ್ ಇರಲಿಲ್ಲ. "ಸುಮ್ನೆ ನಿಮ್ಮನ್ನ ಓಡಾಡಿಸಿದೆ" ಎಂದು ಆ ರೈತರು ನೊಂದುಕೊಂಡರು. ಇಲ್ಲ ಎಂದು ಗೊತ್ತಾಗಿದ್ದೂ ನಮ್ಮ ದಾಖಲೆಗೆ ಬೇಕು ಎಂದು ಹೇಳಿ, ಪಶು ಸಹಾಯವಾಣಿಯ 1962 ನಂಬರನ್ನು ಅವರ ಕೊಟ್ಟಿಗೆ ಗೋಡೆ ಮೇಲೆ ಬರೆದು ಬಂದೆ.