ನಾಲ್ಕೇ ದಿನದಲ್ಲಿ ಮಾಯವಾದ ಸೋರಿಯಾಸಿಸ್

"ಡಾಕ್ಟ್ರೇ, ನಿಮ್ಮ ಮುಲಾಮು ಎರಡು ತಿಂಗಳು ಹಚ್ಚಿದೆ, ಅರ್ಧವೂ ಹೋಗಲಿಲ್ಲ. ಇನ್ನೊಬ್ಬರು ಕೊಟ್ಟ ಪುಡಿ ನಾಲ್ಕೇ ದಿನದಲ್ಲಿ ಎಲ್ಲಾ ತೆಗೆದುಬಿಟ್ಟಿತು."

ಈ ಮಾತು ಕೇಳದ ತಿಂಗಳೇ ಇಲ್ಲ. ಹೇಳುವವರ ದನಿಯಲ್ಲಿ ಅರ್ಧ ದೂರು, ಅರ್ಧ ಗೆಲುವು. ಅಷ್ಟು ಚೆನ್ನಾಗಿ ವಾಸಿಯಾಗಿದ್ದರೆ ಮತ್ತೆ ನನ್ನ ಹತ್ತಿರ ಯಾಕೆ ಬಂದರು ಅಂತೀರಾ? ಪುಡಿ ನಿಲ್ಲಿಸಿ ಮೂರು ವಾರ ಆಗಿರುತ್ತದೆ. ಮೊದಲು ಮೊಣಕೈಯಲ್ಲಿ ಮಾತ್ರ ಇದ್ದದ್ದು ಈಗ ಬೆನ್ನು, ಹೊಟ್ಟೆ, ತೊಡೆ ಎಲ್ಲಾ ಕಡೆ ಹರಡಿರುತ್ತದೆ.

ಸೋರಿಯಾಸಿಸ್ ಎಂಬ ಈ ಚರ್ಮರೋಗ ಅಂಟುವಂಥದ್ದಲ್ಲ, ಕೊಳಕಿನಿಂದ ಬರುವುದಿಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ಇದನ್ನು ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನನಗೆ ತಲೆ ಬಿಸಿಯಾಗುವುದು ಆ 'ನಾಲ್ಕು ದಿನ'ದ ವಿಷಯಕ್ಕೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಹೋಗುತ್ತದೆ. ಇನ್ನೂ ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಬೆಳ್ಳಗಿನ ಹೊಟ್ಟು ಆಗುತ್ತವೆ. ಈ ಅವಸರಕ್ಕೆ ಕಾರಣ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಯಾವ ಶತ್ರುವೂ ಇಲ್ಲದಿದ್ದರೂ ಅದು ಚರ್ಮದಲ್ಲಿ ಎಚ್ಚರಿಕೆ ಗಂಟೆ ಬಾರಿಸುತ್ತಲೇ ಇರುತ್ತದೆ. ಆ ಗಂಟೆಗಳಲ್ಲಿ, ಅಂದರೆ ಕೋಶಗಳು ಕಳಿಸುವ ಸಂಕೇತಗಳಲ್ಲಿ, ಕೆಲವಕ್ಕೆ ಈಗ ಹೆಸರಿದೆ: ಟಿಎನ್‌ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23. ಹೊಸ ಬಯೋಲಾಜಿಕ್ ಇಂಜೆಕ್ಷನ್‌ಗಳು ಇವುಗಳಲ್ಲಿ ಒಂದನ್ನು ಗುರಿಯಿಟ್ಟು ತಡೆಯುತ್ತವೆ. ಅಷ್ಟು ಚುರುಕಾದ ಔಷಧಿಯಲ್ಲೂ ವ್ಯತ್ಯಾಸ ಕಣ್ಣಿಗೆ ಬೀಳಲು ವಾರಗಳು ಬೇಕು. ವಾರಕ್ಕೆ ಎರಡು ಮೂರು ಸಲ ಕೊಡುವ ನೇರಳಾತೀತ ಬೆಳಕಿನ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಮೆಥೊಟ್ರೆಕ್ಸೇಟ್ ಮಾತ್ರೆಗೆ ಎರಡು ಮೂರು ತಿಂಗಳಾದರೂ ಕಾಯಬೇಕು. (ಅದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ದಿನಾ ನುಂಗಿ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ಚೀಟಿಯ ಮೇಲೆ ನುಂಗಬೇಕಾದ ದಿನದ ಹೆಸರನ್ನು ನಾನು ಕೆಳಗೆ ಎರಡು ಗೆರೆ ಎಳೆದು ಬರೆಯುತ್ತೇನೆ.)

ಹಾಗಾದರೆ ಹೆಸರಿಲ್ಲದ ಒಂದು ಪುಡಿ ನಾಲ್ಕು ದಿನದಲ್ಲಿ ಮೈಯೆಲ್ಲಾ ನುಣುಪು ಮಾಡಿದ್ದು ಹೇಗೆ? ಎಲ್ಲಾ ಪೊಟ್ಟಣಗಳನ್ನೂ ಪರೀಕ್ಷೆಗೆ ಕಳಿಸಿ ನೋಡಿದವನು ನಾನಲ್ಲ. ಆದರೆ ಅಷ್ಟು ಬೇಗ ಕೆಲಸ ಮಾಡಿದೆ ಅಂದರೆ ನನಗೆ ಮೊದಲು ಬರುವ ಅನುಮಾನ ಒಂದೇ: ಹೊಟ್ಟೆಗೆ ಸೇರುವ ಸ್ಟೀರಾಯ್ಡ್. ಜೊತೆಗೆ ಮುಖ ಊದಿ ದುಂಡಗಾಗಿದ್ದರೆ, ಹಸಿವು ಜಾಸ್ತಿಯಾಗಿದ್ದರೆ, ಇದ್ದಕ್ಕಿದ್ದಂತೆ ಸಕ್ಕರೆ ಏರಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಒಬ್ಬ ಮೇಷ್ಟ್ರ ಕತೆ ಹೇಳುತ್ತೇನೆ. ಮಗಳ ಮದುವೆಗೆ ಹದಿನೈದು ದಿನ ಇದ್ದಾಗ ಬಂದಿದ್ದರು. "ಫೋಟೋದಲ್ಲಿ ಕೈ ಕಾಣುತ್ತೆ ಡಾಕ್ಟ್ರೇ, ಏನಾದ್ರೂ ಮಾಡಿ" ಅಂದರು. ಹದಿನೈದು ದಿನದಲ್ಲಿ ಸ್ವಲ್ಪ ಇಳಿಸಬಹುದು, ಪೂರ್ತಿ ಆಗಲಿಕ್ಕಿಲ್ಲ ಅಂದೆ. ಅವರಿಗೆ ಬೇಕಾಗಿದ್ದ ಉತ್ತರ ಅದಲ್ಲ. ಆರು ತಿಂಗಳು ಈ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ದಿನ ಮಗಳೇ ಕರೆತಂದಳು. ತಲೆಯಿಂದ ಕಾಲಿನವರೆಗೆ ಚರ್ಮ ಕೆಂಪಾಗಿ ಸುಲಿಯುತ್ತಿತ್ತು, ಮೇಷ್ಟ್ರು ಶಾಲು ಹೊದ್ದು ನಡುಗುತ್ತಿದ್ದರು. ಚರ್ಮ ಪೂರ್ತಿ ಹೀಗಾದರೆ ಮೈಯ ಬಿಸಿಯೂ ಒಳಗೆ ಉಳಿಯುವುದಿಲ್ಲ, ನೀರೂ ಉಳಿಯುವುದಿಲ್ಲ. ಮದುವೆಗೆ ಮುಂಚೆ ಶುರುಮಾಡಿದ ಪುಡಿಯನ್ನು ಐದು ತಿಂಗಳು ನುಂಗಿ, ಒಂದು ದಿನ ತಟ್ಟನೆ ನಿಲ್ಲಿಸಿದ್ದರು. ಮದುವೆಯ ಫೋಟೋ ತೋರಿಸಿದರು. ಕೈ ಚೆನ್ನಾಗಿಯೇ ಕಾಣುತ್ತಿತ್ತು.

ಆಗುವುದು ಇಷ್ಟು. ಸ್ಟೀರಾಯ್ಡ್ ಎಲ್ಲಾ ಗಂಟೆಗಳ ಬಾಯನ್ನೂ ಒಟ್ಟಿಗೆ ಮುಚ್ಚುತ್ತದೆ. ರೋಗ ಹೋಗಿರುವುದಿಲ್ಲ, ಸದ್ದು ನಿಂತಿರುತ್ತದೆ ಅಷ್ಟೇ. ಕೈ ತೆಗೆದ ಕೂಡಲೇ ಎಲ್ಲವೂ ಒಟ್ಟಿಗೆ ಬಾರಿಸಲು ಶುರು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ದಾರಿಯೂ ಇಲ್ಲ. ಕೆಲವರಿಗೆ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ, ಕೆಲವರಿಗೆ ಮೈತುಂಬ ಕೀವು ಗುಳ್ಳೆ ಏಳುತ್ತವೆ, ಕೆಲವರು ಮೇಷ್ಟ್ರ ಹಾಗೆ ಆಗುತ್ತಾರೆ.

ಈಗ ದಯವಿಟ್ಟು ನಿಧಾನವಾಗಿ ಓದಿ. ಇಷ್ಟು ಓದಿದ ಮೇಲೆ ಯಾರಾದರೂ ಎದ್ದು ಹೋಗಿ ಪೊಟ್ಟಣವನ್ನು ಕಸಕ್ಕೆ ಹಾಕುತ್ತಾರೆ ಎಂದು ನನಗೆ ಗೊತ್ತು. ಹಾಗೆ ಮಾಡಬೇಡಿ! ವಾರಗಟ್ಟಲೆ ನುಂಗುತ್ತಿದ್ದರೆ ಇವತ್ತೇ ತಟ್ಟನೆ ನಿಲ್ಲಿಸಬೇಡಿ. ನಮ್ಮ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಮೈಗೆ ಬೇಕಾದಷ್ಟು ಸ್ಟೀರಾಯ್ಡ್ ತಯಾರಿಸುತ್ತವೆ. ಹೊರಗಿನಿಂದ ದಿನವೂ ಬರುತ್ತಿದ್ದರೆ ಅವು ಕೆಲಸ ಬಿಟ್ಟು ಮಲಗುತ್ತವೆ. ಹೊರಗಿನದು ಒಮ್ಮೆಲೇ ನಿಂತರೆ ಅವು ತಕ್ಷಣ ಏಳುವುದಿಲ್ಲ. ಸುಸ್ತು, ತಲೆ ಸುತ್ತು, ವಾಂತಿ, ರಕ್ತದೊತ್ತಡ ಕುಸಿಯುವುದು ಎಲ್ಲಾ ಆಗಬಹುದು, ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಪೊಟ್ಟಣ ಹಿಡಿದುಕೊಂಡು ಬೇಗ ವೈದ್ಯರ ಹತ್ತಿರ ಹೋಗಿ. ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಎಂದು ಮುಚ್ಚಿಡದೆ ಹೇಳಿ. ಅವರು ರಕ್ತ ಪರೀಕ್ಷೆ ಮಾಡಿಸಿ, ಲೆಕ್ಕ ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಅದರ ಜೊತೆಯಲ್ಲೇ ಬೇರೆ ಔಷಧಿ ಶುರುವಾಗಿರುತ್ತದೆ. ಬೈಯುತ್ತಾರೆ ಅಂತ ಹೆದರಬೇಡಿ. ಬೈದರೂ ಎರಡು ನಿಮಿಷ, ಅಲ್ವಾ? ಮೈಯೆಲ್ಲಾ ಕೆಂಪಾಗಿ ಚಳಿ ಬಂದರೆ, ಕೀವು ಗುಳ್ಳೆಯ ಜೊತೆ ಜ್ವರ ಬಂದರೆ, ವಾಂತಿಯಾಗಿ ನಿಲ್ಲಲಾಗದಷ್ಟು ಸುಸ್ತಾದರೆ ಮಾತ್ರ ನಾಳೆಗೆ ಇಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲ ಇದೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿದ ಕೂಡಲೇ ನಾನು ಕೊಟ್ಟ ಮುಲಾಮನ್ನೂ ಬಿಸಾಕುವವರಿದ್ದಾರೆ. ಹಚ್ಚುವುದು ಬೇರೆ, ನುಂಗುವುದು ಬೇರೆ. ಸ್ಟೀರಾಯ್ಡ್ ಮುಲಾಮು ಸೋರಿಯಾಸಿಸ್‌ಗೆ ಈಗಲೂ ಒಳ್ಳೆಯ ಔಷಧಿ. ಎಲ್ಲಿಗೆ ಯಾವುದು, ಎಷ್ಟು ದಿನ ಎಂದು ಕೇಳಿ ಹಚ್ಚಬೇಕು ಅಷ್ಟೇ. ಅಳತೆಯೂ ಸುಲಭ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೆಚ್ಚಿನವರು ಇದರ ಕಾಲು ಭಾಗ ಹಚ್ಚಿ 'ಕೆಲಸ ಮಾಡಲಿಲ್ಲ' ಅನ್ನುತ್ತಾರೆ. ಹಾಗೆಯೇ, ಆಸ್ತಮಾಕ್ಕೋ ಇನ್ನಾವುದಕ್ಕೋ ವೈದ್ಯರು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ಈ ಲೇಖನ ಓದಿ ಬಿಡಬೇಡಿ. ಸೋರಿಯಾಸಿಸ್ ಇದೆ ಎಂದು ಅವರಿಗೂ ತಿಳಿಸಿ.

ರೋಗ ಗುರುತಿಸುವ ವಿಷಯ ಬೇಗ ಮುಗಿಸುತ್ತೇನೆ. ಸೋರಿಯಾಸಿಸ್ ಇದೆ ಎಂದು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ ಇಲ್ಲ. ನಾವು ಕಣ್ಣಿಂದ ನೋಡುತ್ತೇವೆ: ಮೊಣಕೈ, ಮೊಣಕಾಲು, ನೆತ್ತಿ, ಕಿವಿಯ ಹಿಂದೆ, ಹೊಕ್ಕುಳು. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ನೇರಳೆಯೋ ಕಂದೋ ಕಾಣಬಹುದು. ಹುಳುಕಡ್ಡಿಯ ಅನುಮಾನ ಇದ್ದರೆ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ, ತೀರಾ ಗೊಂದಲವಾದರೆ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುತ್ತದೆಯೇ, ಹಿಮ್ಮಡಿ ನೋಯುತ್ತದೆಯೇ ಎಂದು ನಾನು ಕೇಳಿದರೆ ಸುಮ್ನೆ ಹರಟೆ ಅಂದುಕೊಳ್ಳಬೇಡಿ. ಸೋರಿಯಾಸಿಸ್ ಕೆಲವರಲ್ಲಿ ಕೀಲುಗಳಿಗೂ ಇಳಿಯುತ್ತದೆ. ಬೇಗ ಹಿಡಿಯದಿದ್ದರೆ ಕೀಲು ಮತ್ತೆ ಸರಿಯಾಗದ ಹಾಗೆ ಕೆಡಬಹುದು.

ಜನ ಪುಡಿಯ ಹಿಂದೆ ಯಾಕೆ ಓಡುತ್ತಾರೆ ಎಂದು ನನಗೆ ಅರ್ಥವಾಗದೆ ಇಲ್ಲ. ಒಂದು ಕಾಲದಲ್ಲಿ ಸೋರಿಯಾಸಿಸ್ಸನ್ನೂ ಕುಷ್ಠವನ್ನೂ ಬೆರೆಸಿ ನೋಡುತ್ತಿದ್ದರು. ವಿಯೆನ್ನಾದ ಚರ್ಮವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ 1841ರಲ್ಲಿ ಎರಡನ್ನೂ ಬೇರೆ ಬೇರೆ ಎಂದು ಸ್ಪಷ್ಟ ಮಾಡಿದರು. ಪುಸ್ತಕದಲ್ಲಿ ಬೇರೆಯಾಗಿ ಇಷ್ಟು ವರ್ಷ ಆದರೂ ಎದುರು ಕೂತವರ ನೋಟದಲ್ಲಿ ಇನ್ನೂ ಬೇರೆಯಾಗಿಲ್ಲ. ಸೆಕೆಯಲ್ಲೂ ತುಂಬು ತೋಳು ಹಾಕಿಕೊಂಡು ಓಡಾಡುವವರಿಗೆ 'ಮೂರು ತಿಂಗಳು ತಾಳಿ' ಅನ್ನುವಾಗ ನನಗೂ ಕಷ್ಟವಾಗುತ್ತದೆ.

ಮೇಷ್ಟ್ರು ಎರಡು ವಾರ ಆಸ್ಪತ್ರೆಯಲ್ಲಿದ್ದರು. ಸ್ಟೀರಾಯ್ಡ್ ಪೂರ್ತಿ ಬಿಡಿಸಲು ತಿಂಗಳುಗಳೇ ಹಿಡಿದವು. ಈಗ ವಾರಕ್ಕೊಂದು ದಿನದ ಮಾತ್ರೆ, ಆಗಾಗ ಲಿವರ್ ಪರೀಕ್ಷೆ. ಮೊಣಕೈಯಲ್ಲಿ ಎರಡು ಸಣ್ಣ ಕಲೆ ಉಳಿದಿವೆ, ಅವರು ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಹೋದ ಸಲ ಬಂದಾಗ ತಮ್ಮನನ್ನೂ ಕರೆತಂದಿದ್ದರು. ಅವನ ಬೆನ್ನ ಮೇಲೂ ಅದೇ ಹೊಟ್ಟು, ಜೇಬಿನಲ್ಲಿ ಹೆಸರಿಲ್ಲದ ಪೊಟ್ಟಣ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅಂದರು: "ಎರಡು ತಿಂಗಳಿಂದ ತಗೊಳ್ತಿದ್ದಾನೆ. ತಟ್ಟನೆ ನಿಲ್ಲಿಸಬೇಡ ಅಂತ ನಾನೇ ಹೇಳಿದ್ದೀನಿ ಡಾಕ್ಟ್ರೇ. ಬೈಯೋದು ಮಾತ್ರ ನಿಮಗೇ ಬಿಟ್ಟಿದ್ದೀನಿ."