ಆಮೆ ಮೊಟ್ಟೆಯನ್ನು ಮಗುಚಬಾರದು, ಯಾಕೆ?

ಕೋಳಿ ಮೊಟ್ಟೆಯನ್ನು ಕಾವಿಗೆ ಇಟ್ಟರೆ ದಿನಕ್ಕೆ ಹಲವು ಸಲ ಮಗುಚಬೇಕು. ಮಗುಚದೇ ಬಿಟ್ಟರೆ ಮರಿ ಸಾಯುತ್ತದೆ. ಆಮೆ ಮೊಟ್ಟೆಯಲ್ಲಿ ಇದು ಪೂರ್ತಿ ಉಲ್ಟಾ. ಮಗುಚಿದರೆ ಮರಿ ಸಾಯುತ್ತದೆ. ಎರಡರಲ್ಲೂ ಇರುವುದು ಅದೇ ಹಳದಿ, ಅದೇ ಲೋಳೆ, ಅದೇ ಸಿಪ್ಪೆ. ಆದರೂ ಒಂದನ್ನು ಉಳಿಸುವ ಕೆಲಸ ಇನ್ನೊಂದನ್ನು ಕೊಲ್ಲುತ್ತದೆ.

ನನಗೆ ಇದು ಗೊತ್ತಾಗಿದ್ದು ನಾಲ್ಕು ಮೊಟ್ಟೆ ಕಳೆದುಕೊಂಡ ಮೇಲೆ. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಜೋಡಿ ಮಸ್ಕ್ ಆಮೆಗಳಿವೆ. ಉತ್ತರ ಅಮೆರಿಕದ ಕೆರೆ, ಹಳ್ಳಗಳ ಪುಟ್ಟ ಆಮೆ ಇದು. ಪೂರ್ತಿ ಬೆಳೆದರೂ ಅಂಗೈಯಷ್ಟೇ. ಹೆದರಿದರೆ ಕೆಟ್ಟ ವಾಸನೆಯ ದ್ರವ ಬಿಡುತ್ತದೆ, ಅದಕ್ಕೇ ಆ ಹೆಸರು. ಈಜುವುದಕ್ಕಿಂತ ತಳದಲ್ಲಿ ನಡೆಯುವುದೇ ಜಾಸ್ತಿ. ಇದರ ನಾಲಿಗೆಯ ಮೇಲಿನ ಸಣ್ಣ ಸಣ್ಣ ಗುಬುಟುಗಳು ನೀರಿನಿಂದಲೇ ಆಮ್ಲಜನಕ ಹೀರುತ್ತವೆ. ಅದರ ಬಗ್ಗೆಯೇ ಇನ್ನೊಂದು ಲೇಖನ ಬರೆಯಬಹುದು. ಈಗ ಮೊಟ್ಟೆಗೆ ಬರೋಣ.

ಮೊದಲ ಸಲ ಹೆಣ್ಣು ಮರಳಿನಲ್ಲಿ ನಾಲ್ಕು ಮೊಟ್ಟೆ ಇಟ್ಟಾಗ ನಾನು ಮಂಡ್ಯ ಹತ್ತಿರದ ಊರಿನಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಅವರು ನಲವತ್ತು ವರ್ಷದಿಂದ ನಾಟಿಕೋಳಿ ಸಾಕಿದವರು. "ದಿನಾ ಮಗುಚಿ ಮಡುಗು ಕಣಪ್ಪ, ಇಲ್ದಿದ್ರೆ ಒಳಗೇ ಅಂಟ್ಕತದೆ" ಅಂದರು. ನಾನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಗುಚಿದೆ. ಮೂರು ವಾರ ಆದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಒಳಗೆ ಒಂದು ರಕ್ತನಾಳವೂ ಇರಲಿಲ್ಲ.

ಅತ್ತೆ ಹೇಳಿದ್ದು ಕೋಳಿಗೆ ನೂರಕ್ಕೆ ನೂರು ಸರಿ. ಕೋಳಿ ಮೊಟ್ಟೆ ಒಡೆದಾಗ ಹಳದಿಯ ಎರಡು ಕಡೆ ಬಿಳಿ ಹುರಿಯಂತೆ ಏನೋ ಕಾಣುತ್ತದೆ ಅಲ್ವಾ? ಅವು ತೊಟ್ಟಿಲಿನ ಹಗ್ಗಗಳಿದ್ದಂತೆ. ಮೊಟ್ಟೆ ಹೇಗೆ ಉರುಳಿದರೂ ಹಳದಿ ಒಳಗೊಳಗೇ ತಿರುಗಿ, ಭ್ರೂಣ ಮೇಲ್ಗಡೆಯೇ ಉಳಿಯುತ್ತದೆ. ತಾಯಿಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಲೇ ಇರುವುದು ಭ್ರೂಣ ಒಂದು ಕಡೆ ಅಂಟಿಕೊಳ್ಳದಿರಲಿ ಅಂತ.

ಆಮೆ ಮೊಟ್ಟೆಯಲ್ಲಿ ಆ ಹುರಿ ಇಲ್ಲ. ಅಲ್ಲಿ ಅಂಟಿಕೊಳ್ಳುವುದೇ ಬೇಕು. ಮೊಟ್ಟೆ ಇಟ್ಟ ಕೆಲವು ಗಂಟೆಗಳಲ್ಲಿ ಭ್ರೂಣ ಹಳದಿಯ ಮೇಲ್ತುದಿಗೆ ಬಂದು, ಸಿಪ್ಪೆಯ ಒಳಪೊರೆಗೆ ಅಂಟಿಕೊಳ್ಳಲು ಶುರುಮಾಡುತ್ತದೆ. ನಾಟಿ ಹಾಕಿದ ಭತ್ತದ ಪೈರನ್ನು ಯೋಚಿಸಿ. ನೆಟ್ಟ ಗಳಿಗೆಯಲ್ಲಿ ಕಿತ್ತು ಪಕ್ಕದಲ್ಲಿ ನೆಟ್ಟರೆ ಏನೂ ಆಗುವುದಿಲ್ಲ. ಬೇರು ಹಿಡಿದ ಮೇಲೆ ಎಳೆದರೆ ಹರಿಯುತ್ತದೆ. ಅಥವಾ ಕಾವಲಿಯ ಮೇಲಿನ ದೋಸೆ. ಹುಯ್ದ ಕೂಡಲೇ ಹಿಟ್ಟು ಹರಿದಾಡುತ್ತದೆ, ಒಂದು ಸಲ ಕಚ್ಚಿಕೊಂಡರೆ ಎಬ್ಬಿಸುವಾಗ ಚೂರಾಗುತ್ತದೆ. ಅಂಟಿದ ಮೇಲೆ ಮೊಟ್ಟೆ ಮಗುಚಿದರೆ ಕಾಗದಕ್ಕಿಂತ ತೆಳುವಾದ ಪೊರೆ ಹರಿಯುತ್ತದೆ, ಹಳದಿಯ ಭಾರವೆಲ್ಲ ಭ್ರೂಣದ ಮೇಲೆ ಬೀಳುತ್ತದೆ.

ಅಂಟಿದೆ ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ, ನನಗೆ ಅದೇ ತುಂಬಾ ಇಷ್ಟ. ಹೊಸ ಮೊಟ್ಟೆ ಮಾಸಲು ಗುಲಾಬಿಯಾಗಿರುತ್ತದೆ, ಬೆಳಕು ಸ್ವಲ್ಪ ಒಳಗೆ ಹೋಗುತ್ತದೆ. ಒಂದೆರಡು ದಿನಕ್ಕೆ ಮೇಲ್ಭಾಗದಲ್ಲಿ ಸೀಮೆಸುಣ್ಣ ಬಳಿದಂತೆ ಒಂದು ಬಿಳಿ ಚುಕ್ಕೆ ಮೂಡುತ್ತದೆ. ದಿನ ಕಳೆದಂತೆ ಅದು ಅಗಲವಾಗಿ, ಮೊಟ್ಟೆಯ ಸೊಂಟಕ್ಕೆ ಬಿಳಿ ಪಟ್ಟಿ ಸುತ್ತಿದಂತೆ ಆಗುತ್ತದೆ. ಅದು ಹೊರಗಿನಿಂದ ಬಂದ ಬಣ್ಣ ಅಲ್ಲ. ಭ್ರೂಣದ ಮೇಲಿದ್ದ ಲೋಳೆಯ ನೀರು ಕೆಳಗಿನ ಹಳದಿಗೆ ಇಳಿಯುತ್ತದೆ, ಅಲ್ಲಿಯ ಸಿಪ್ಪೆ ಒಣಗುತ್ತದೆ. ಒದ್ದೆಯಾದ ಬಿಳಿ ಪಂಚೆಯಲ್ಲಿ ಆಚೆಗಿನದು ಕಾಣುತ್ತದೆ, ಒಣಗಿದರೆ ಅಚ್ಚ ಬಿಳಿ. ಅಷ್ಟೇ ವಿಷಯ. ಒಣಗಿದ ಸಿಪ್ಪೆಯ ಸಣ್ಣ ತೂತುಗಳಲ್ಲಿ ನೀರು ಇರುವುದಿಲ್ಲವಾದ್ದರಿಂದ ಗಾಳಿ ಸುಲಭವಾಗಿ ಓಡಾಡುತ್ತದೆ. ಉಸಿರು ಹೆಚ್ಚು ಬೇಕಾದ ಜಾಗದಲ್ಲಿ ಭ್ರೂಣ ತಾನೇ ಒಂದು ಕಿಟಕಿ ತೆಗೆದುಕೊಂಡಂತೆ!

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗೋಣ. ತಾಯಿಯ ಹೊಟ್ಟೆಯಲ್ಲಿ ಮೊಟ್ಟೆ ವಾರಗಟ್ಟಲೆ ಇರಬಹುದು. ಆಗಲೇ ಅಂಟಿಕೊಂಡರೆ? ತಾಯಿ ನಡೆದಾಡಿದಂತೆಲ್ಲ ಹರಿಯುತ್ತಿತ್ತು. ಅದಕ್ಕೇ ಭ್ರೂಣ ಅಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಅಂಡನಾಳದೊಳಗೆ ಆಮ್ಲಜನಕ ತೀರಾ ಕಡಿಮೆ. ಮೊಟ್ಟೆ ಹೊರಗೆ ಬಿದ್ದು ಗಾಳಿ ತಾಗಿದ ಮೇಲೆ ಗಡಿಯಾರ ಓಡಲು ಶುರು. 2013ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಆಗಷ್ಟೇ ಇಟ್ಟ ಮೊಟ್ಟೆಗಳನ್ನು ಆಮ್ಲಜನಕ ಕಡಿಮೆ ಇರುವ ಪೆಟ್ಟಿಗೆಯಲ್ಲಿಟ್ಟು ನೋಡಿದರು. ಭ್ರೂಣಗಳು ಹೊರಗೆ ಬಂದ ಮೇಲೂ ಕಾಯುತ್ತಲೇ ಇದ್ದವು!

ನಮ್ಮ ಮಂಡ್ಯದ ಗದ್ದೆ ಬಯಲಿನ ಮೆತ್ತನೆ ಚಿಪ್ಪಿನ ಆಮೆಯಲ್ಲಿ ಈ ಕಾಯುವಿಕೆ ಇನ್ನೂ ಉದ್ದ. ನಾಲೆ ನೀರು ನಿಂತು ಕೆರೆ ಒಣಗಿದರೆ ದೊಡ್ಡ ಆಮೆ ಕೆಸರಿನೊಳಗೆ ಹೂತುಕೊಳ್ಳುತ್ತದೆ. ಅದರ ಮೊಟ್ಟೆಯೊಳಗಿನ ಭ್ರೂಣವೂ ಮಣ್ಣಿನಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡಿ, ಮರಿ ಮಳೆಗಾಲಕ್ಕೆ ಹೊರಬರುತ್ತದೆ. ಈ ಆಮೆಯನ್ನು ಮನೆಗೆ ತರುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿಯುವುದೇ ಅಪರಾಧ. ಆದರೂ "20 ಉಗುರಿನ ಆಮೆ ಮನೆಯಲ್ಲಿದ್ದರೆ ದುಡ್ಡು ಬರುತ್ತದೆ" ಅಂತ ನಂಬಿ ಪಾಪದ ಆಮೆಗಳನ್ನು ಹಿಡಿದು ಮಾರುತ್ತಾರೆ. ಮೆತ್ತನೆ ಚಿಪ್ಪಿನ ಆಮೆಗೆ ಒಂದು ಕಾಲಿಗೆ ಮೂರೇ ಉಗುರು, ಒಟ್ಟು 12. ಅದರ ಕುಟುಂಬದ ವೈಜ್ಞಾನಿಕ ಹೆಸರಿನ ಅರ್ಥವೇ ಮೂರು ಉಗುರು. ಗಟ್ಟಿ ಚಿಪ್ಪಿನ ಎಷ್ಟೋ ಜಾತಿಗಳಲ್ಲಿ ಮುಂಗಾಲಿಗೆ 5, ಹಿಂಗಾಲಿಗೆ 4, ಅಂದರೆ 18. ಉಗುರು ಎಣಿಸಿ ಸಂಪತ್ತು ಹುಡುಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅದೃಷ್ಟಕ್ಕೆ ಅಂತ ಕೆಂಪು ಕಿವಿಯ ಆಮೆ ಮರಿ ಕೊಳ್ಳುವವರೂ ಇದ್ದಾರೆ. ನಾಣ್ಯದಷ್ಟಿದ್ದ ಮರಿ ತಟ್ಟೆಯಗಲ ಬೆಳೆದಾಗ ಕೆರೆಗೆ ಬಿಟ್ಟು ಬರುತ್ತಾರೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ದಯವಿಟ್ಟು ಬಿಡಬೇಡಿ. ಕಾನೂನಿನ ಪಟ್ಟಿಯಲ್ಲಿರುವ ವಿದೇಶಿ ಆಮೆ ಸಾಕುವವರು ನೋಂದಣಿ ಮಾಡಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ನನ್ನ ಜೋಡಿಯ ಕಾಗದಪತ್ರ ಫೈಲಿನಲ್ಲಿದೆ.

ಎರಡನೇ ಸಲ ಮೂರು ಮೊಟ್ಟೆ ಸಿಕ್ಕಿದವು. ಮರಳಿನಲ್ಲಿ ಹೇಗಿತ್ತೋ ಹಾಗೇ ಎತ್ತಿ, ಮೇಲ್ಗಡೆಗೆ ಮೆತ್ತನೆ ಪೆನ್ಸಿಲಿನಿಂದ ಒಂದು ಗೀಟು ಹಾಕಿದೆ. ಥರ್ಮಾಕೋಲ್ ಪೆಟ್ಟಿಗೆ, ಒದ್ದೆ ತೆಂಗಿನ ನಾರಿನ ಪುಡಿ (ಹಿಂಡಿದರೆ ನೀರು ತೊಟ್ಟಿಕ್ಕಬಾರದು), ಒಂದು ಥರ್ಮಾಮೀಟರ್. ಇನ್ನೇನೂ ಬೇಡ.

ಥರ್ಮಾಮೀಟರ್ ಮಾತ್ರ ಬೇಕೇ ಬೇಕು. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಅಂತ ತೀರ್ಮಾನಿಸುವುದು ಕಾವಿನ ಶಾಖ. 1966ರಲ್ಲಿ ಸೆನೆಗಲ್ ದೇಶದ ಡಾಕಾರ್‌ನಲ್ಲಿ ಮದಲೀನ್ ಶಾರ್ನಿಯೇ ಎಂಬ ವಿಜ್ಞಾನಿ ಇದನ್ನು ಮೊದಲು ಓತಿಕೇತದಲ್ಲಿ ಕಂಡರು. ಆಗ ಹೆಚ್ಚಿನವರು ಗಮನಿಸಲೇ ಇಲ್ಲ. ಆಮೇಲೆ ಆಮೆ, ಮೊಸಳೆಗಳಲ್ಲೂ ಗೊತ್ತಾಯಿತು. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳೂ ಹೀಗೇ ಗಂಡೋ ಹೆಣ್ಣೋ ಆದವು. ಮಸ್ಕ್ ಆಮೆಯಲ್ಲಿ ಸುಮಾರು 25 ಡಿಗ್ರಿಯಲ್ಲಿ ಗಂಡು ಜಾಸ್ತಿ. 28 ದಾಟಿದರೆ ಹೆಣ್ಣು, ತೀರಾ ತಣ್ಣಗಿದ್ದರೂ ಹೆಣ್ಣೇ. ಹಾಗಾಗಿ ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಪೆಟ್ಟಿಗೆಯನ್ನು ಸುಮ್ನೆ ಬಿಟ್ಟರೆ ಎಲ್ಲ ಹೆಣ್ಣೇ ಆಗಬಹುದು. ನಾನು ಪೆಟ್ಟಿಗೆಯನ್ನು ದೇವರಮನೆಯ ಪಕ್ಕದ ತಂಪು ಮೂಲೆಗೆ ಸರಿಸಿದೆ. ಸರಿಸುವಾಗಲೂ ಪೆನ್ಸಿಲ್ ಗೀಟು ಮೇಲ್ಗಡೆಯೇ ಇತ್ತು.

78ನೇ ದಿನ ಬೆಳಿಗ್ಗೆ ಒಂದು ಮೊಟ್ಟೆಯಲ್ಲಿ ಸಣ್ಣ ತೂತು ಕಂಡಿತು, ಮೂತಿಯ ತುದಿ ಕಂಡಿತು. ಸಂಜೆಯ ಹೊತ್ತಿಗೆ ಒಂದು ರೂಪಾಯಿ ನಾಣ್ಯದಷ್ಟು ಮರಿ ಹೊರಗೆ. ಎರಡನೆಯದು ಮಾರನೇ ದಿನ ಬಂತು. ಮೂರನೆಯದಕ್ಕೆ ಬಿಳಿ ಪಟ್ಟಿ ಮೂಡಿರಲೇ ಇಲ್ಲ, ಅದು ಬರಲಿಲ್ಲ. ಅತ್ತೆ ನೋಡಲು ಬಸ್ ಹತ್ತಿ ಬಂದರು. ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೇಳಿದ ಮೊದಲ ಮಾತು, "ಗಂಡೋ, ಹೆಣ್ಣೋ?" ಗಂಡಾದರೆ ಬಾಲ ದಪ್ಪವಾಗಿ ಉದ್ದ ಬೆಳೆಯುತ್ತದೆ. ಅಲ್ಲಿಯವರೆಗೆ ನಾವಿಬ್ಬರೂ ಕಾಯುತ್ತಿದ್ದೇವೆ.