ಮಳೆಮಾಪಕ ಮಳೆ ನಿಲ್ಲಿಸುವುದಿಲ್ಲ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ಆಂಟೆನಾಗಳನ್ನು ಕಂಡು 'ರೇಡಿಯೇಶನ್' ಎಂದು ಹೆದರುವವರೇ ಎಕ್ಸ್‌ರೇ ಕೋಣೆಯ ಬಾಗಿಲು ಅರ್ಧ ತೆರೆದಿದ್ದರೂ ಎದುರಿನ ಬೆಂಚಿನಲ್ಲಿ ನಿಶ್ಚಿಂತೆಯಿಂದ ಕೂರುತ್ತಾರೆ. ಹೆದರಿಕೆ ತಲೆಕೆಳಗಾಗಿದೆ. ಆಂಟೆನಾದ ರೇಡಿಯೋ ಅಲೆಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವ ಶಕ್ತಿಯಿಲ್ಲ. ಎಕ್ಸ್‌ರೇಗೂ ಗಾಮಾ ಕಿರಣಕ್ಕೂ ಇದೆ; ದೇಹದ ಕೋಶಗಳಿಗೆ ಹಾನಿ ಮಾಡುವುದು ಆ ಶಕ್ತಿಯೇ. ಈ ಎರಡನೆಯ ಬಗೆಯ ಮೇಲೆ ಕಣ್ಣಿಡಲು 1983ರ ನವೆಂಬರ್ 15ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ರಚನೆಯಾಯಿತು.

ಅದರ ಕೆಲಸ ಕೈಗಾ ಸ್ಥಾವರಕ್ಕೆ ಮುಗಿಯುವುದಿಲ್ಲ. ಚಿಕ್ಕಮಗಳೂರಿನ ಸಣ್ಣ ಕ್ಲಿನಿಕ್ಕಿನ ಎಕ್ಸ್‌ರೇ ಯಂತ್ರಕ್ಕೂ ಅದರ ಪರವಾನಗಿ ಬೇಕು. ಪೈಪಿನ ಬೆಸುಗೆ ಪರೀಕ್ಷಿಸುವ ಇರಿಡಿಯಂ-192 ಆಕರಕ್ಕೂ, ಅಂದರೆ ತಾನಾಗಿಯೇ ಕಿರಣ ಸೂಸುವ ವಸ್ತುವಿಗೂ, ಬೇಕು. ಸಾರ್ವಜನಿಕರಿಗೆ ಇಂಥ ಕೆಲಸಗಳಿಂದ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ; ಮಿಲಿಸೀವರ್ಟ್ ಎಂದರೆ ಮೈಗೆ ತಾಗಿದ ಕಿರಣದ ಪ್ರಮಾಣವನ್ನು, ಅಂದರೆ ಡೋಸನ್ನು, ಅಳೆಯುವ ಮಾನ. ಕಿರಣದ ನಡುವೆ ದುಡಿಯುವವರಿಗೆ 5 ವರ್ಷದ ಸರಾಸರಿ 20. ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ? ತಂತ್ರಜ್ಞರ ಎದೆಯ ಮೇಲಿನ, ತಾಗಿದ ಕಿರಣದ ಲೆಕ್ಕ ಇಡುವ ಟಿಎಲ್‌ಡಿ ಬ್ಯಾಡ್ಜ್ ನೋಡಿ. ಒಳಗೆ ಅಲ್ಯೂಮಿನಿಯಂ ತಗಡಿಗೆ ಸಿಕ್ಕಿಸಿದ ಮೂರು ಬಿಲ್ಲೆಗಳು. ಅವುಗಳಲ್ಲಿರುವುದು ಜಿಪ್ಸಮ್ಮಿನ ಮೂಲವಾದ ಕ್ಯಾಲ್ಸಿಯಂ ಸಲ್ಫೇಟ್, ಅದರಲ್ಲಿ ಬೇಕೆಂದೇ ಬೆರೆಸಿದ ಚೂರು ಡಿಸ್‌ಪ್ರೋಸಿಯಂ. ಕಿರಣ ತಾಗಿದಾಗ ಸಡಿಲವಾದ ಎಲೆಕ್ಟ್ರಾನುಗಳು ಹರಳಿನ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಫಿ ತೋಟದ ಇಳಿಜಾರಿನಲ್ಲಿ ಹರಿಯುವ ನೀರನ್ನು ತೊಟ್ಟಿಲು ಗುಂಡಿ ಹಿಡಿದಿಡುವಂತೆ ಅಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಬಿಲ್ಲೆಯನ್ನು 200 ಡಿಗ್ರಿಗೂ ಮೇಲೆ ಕಾಯಿಸಿದರೆ ಅವು ಬಿಡುಗಡೆಯಾಗಿ ಬೆಳಕು ಚಿಮ್ಮಿಸುತ್ತವೆ; ಹುರಿದಾಗಷ್ಟೇ ಬೀಜದಿಂದ ಕಾಫಿಯ ಘಮ ಏಳುವುದಿಲ್ಲವೇ, ಹಾಗೆ. ಎಷ್ಟು ಬೆಳಕೋ ಅಷ್ಟು ಡೋಸ್. ಬಿಲ್ಲೆಗಳ ಮುಂದಿನ ಬೇರೆ ಬೇರೆ ಫಿಲ್ಟರ್‌ಗಳು ಬಿದ್ದ ಕಿರಣ ಯಾವ ಬಗೆಯದೆಂದು ಗುರುತಿಸಲು ನೆರವಾಗುತ್ತವೆ.

ಬ್ಯಾಡ್ಜ್ ಹಾಕಿಕೊಂಡವರಿಗೆ ಕಿರಣ ತಾಗದು ಎಂಬ ನಂಬಿಕೆ ಅಪಾಯಕಾರಿ. ತೋಟದ ಮನೆಯ ಅಂಗಳದ ಮಳೆಮಾಪಕ ಇಂಚು ಲೆಕ್ಕ ಹೇಳುತ್ತದೆ, ಕೊಡೆ ಹಿಡಿಯುವುದಿಲ್ಲ. ಕೊಡೆಯ ಕೆಲಸ ಸೀಸದ ಏಪ್ರನ್ನಿನದು, ಸೀಸ ಹೊದಿಸಿದ ಬಾಗಿಲಿನದು.

ಲೆಕ್ಕ ಕೆಡುವುದೂ ಸಣ್ಣ ತಪ್ಪುಗಳಿಂದಲೇ. ಬ್ಯಾಡ್ಜ್ ಇರಬೇಕಾದದ್ದು ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ. ಏಪ್ರನ್ನಿಗೇ ಚುಚ್ಚಿ ಎಕ್ಸ್‌ರೇ ಕೋಣೆಯ ಮೊಳೆಗೆ ನೇತುಹಾಕಿದರೆ ಗೋಡೆಯ ಡೋಸ್ ಮನುಷ್ಯನ ಖಾತೆಗೆ ಜಮೆಯಾಗುತ್ತದೆ. ಡ್ರಾಯರಿನಲ್ಲಿ ಮರೆತರೆ ನಿಜವಾದ ಡೋಸ್ ಕಾಣದೇ ಹೋಗುತ್ತದೆ. ಇದು ಇನ್ನೂ ಕೆಟ್ಟದ್ದು, ಏಕೆಂದರೆ ಸೊನ್ನೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರತಿ ಸಂಸ್ಥೆಗೆ ಕೊಡುವ ಕಂಟ್ರೋಲ್ ಬ್ಯಾಡ್ಜನ್ನು ಕಿರಣ ಸುಳಿಯದ ಕಡೆ ಇಡಬೇಕು. ನೆಲ, ಆಕಾಶಗಳಿಂದ ಸಹಜವಾಗಿ ಬೀಳುವ ಪಾಲನ್ನು ಕಳೆಯುವುದು ಅದರಿಂದಲೇ.

ಆಕರಕ್ಕೂ ಹೀಗೇ ಕೊನೆಯವರೆಗೆ ಲೆಕ್ಕ ಬೇಕು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಬಂದದ್ದು, ಸುಮಾರು 25 ವರ್ಷ ಬಳಸದೆ ಬಿದ್ದಿದ್ದ ಉಪಕರಣದೊಳಗಿನ ಕೋಬಾಲ್ಟ್-60. ಅದರ ಅರ್ಧಾಯುಷ್ಯ, ಅಂದರೆ ಕಿರಣ ಸೂಸುವ ಶಕ್ತಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 5.27 ವರ್ಷ. ಅಂದರೆ 25 ವರ್ಷದಲ್ಲಿ ಶಕ್ತಿ ಸುಮಾರು 27ನೇ ಒಂದು ಪಾಲಿಗೆ ಇಳಿದಿರುತ್ತದೆ. ಅಷ್ಟಾದರೂ ಒಬ್ಬ ಕಾರ್ಮಿಕ ಸತ್ತ, ಹಲವರು ಆಸ್ಪತ್ರೆ ಸೇರಿದರು. ಗುಜರಿಯಲ್ಲಿ ಮೂರು ದಳದ ವಿಕಿರಣ ಚಿಹ್ನೆಯ, ಗಾತ್ರಕ್ಕೆ ಮೀರಿದ ಭಾರದ ಲೋಹದ ಡಬ್ಬಿ ಕಂಡರೆ ಕತ್ತರಿಸಬೇಡಿ, ತೂಕಕ್ಕೂ ಎತ್ತಬೇಡಿ. ದೂರ ಸರಿದು, ಇತರರನ್ನೂ ದೂರ ಕಳಿಸಿ, ಪೊಲೀಸರಿಗೆ ತಿಳಿಸಿ.